ಪದರದ ಲೆಕ್ಕ ಮೊದಲು, ಗೆರೆ ಅನಂತರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹೊಲಗಳಲ್ಲಿ ಮಣ್ಣಿನ ತೇವವನ್ನೂ ಕೊಳವೆಬಾವಿಯ ನೀರಿನ ಮಟ್ಟವನ್ನೂ ಅಳೆದು ರೇಡಿಯೋ ಮೂಲಕ ತಿಳಿಸುವ ಸಣ್ಣ ಯಂತ್ರಗಳಿಗೆ ಸರ್ಕ್ಯೂಟ್ ಬೋರ್ಡುಗಳನ್ನು ರಚಿಸುವುದು ನನ್ನ ವೃತ್ತಿ. ಈ ವೃತ್ತಿಯಲ್ಲಿ ಅತ್ಯಂತ ಉಪೇಕ್ಷೆಗೆ ಗುರಿಯಾಗಿರುವ ಅಂಶ ಯಾವುದೆಂದು ಯಾರಾದರೂ ಕೇಳಿದಲ್ಲಿ, ಬೋರ್ಡಿನ ಪದರಗಳ ಜೋಡಣೆ, ಎಂದರೆ ನಮ್ಮವರು ಸ್ಟ್ಯಾಕಪ್ ಎಂದು ಕರೆಯತಕ್ಕದ್ದು, ಎಂದು ನಿಸ್ಸಂಶಯವಾಗಿ ಹೇಳಬಲ್ಲೆನು.

ಪಾವಗಡದ ತಿರುಮಣಿ ಸುತ್ತಿನ ಐದು ಗ್ರಾಮಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿರುವುದು ಸರ್ವವಿದಿತ. ಅಂಥ ಕ್ಷೇತ್ರಗಳಲ್ಲಿ ಮಾಹಿತಿ ಬಹುಮಟ್ಟಿಗೆ ಕೇಬಲ್ಲಿನಲ್ಲಿ ಸಾಗುತ್ತದೆ. ಆರ್‌ಎಸ್-485 ತಂತಿಜೋಡಿಯ ತುದಿಗಳಲ್ಲಿ, ಸಂಕೇತ ಹಿಂದಿರುಗದಂತೆ, 120 ಓಮಿನ ರೆಸಿಸ್ಟರನ್ನು ಕೂರಿಸುವುದು ಅಲ್ಲಿ ದುಡಿಯುವ ತಂತ್ರಜ್ಞರಿಗೆ ಅಭ್ಯಾಸವಾಗಿ ಹೋಗಿರುತ್ತದೆ. ಆದರೆ ನಮ್ಮ ಯಂತ್ರಗಳಿಗೆ ಕೇಬಲ್ಲಿಲ್ಲ. ನಮ್ಮ ದೇಶದಲ್ಲಿ ಪರವಾನಗಿಯ ಅಗತ್ಯವಿಲ್ಲದ 865ರಿಂದ 868 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಅವು ಸಂದೇಶ ಕಳುಹಿಸುತ್ತವೆ. ನಡುವೆ ಮಧುಗಿರಿಯ ಏಕಶಿಲಾ ಬೆಟ್ಟವೋ ಕೊರಟಗೆರೆಯ ಸಿದ್ದರಬೆಟ್ಟವೋ ಅಡ್ಡ ನಿಂತಿರುತ್ತದೆ. ಬ್ಯಾಟರಿಯ ಅಲ್ಪಶಕ್ತಿಯಲ್ಲಿ ಒಂದಂಶವೂ ವ್ಯರ್ಥವಾಗದೆ ಆಂಟೆನಾ ತಲಪಬೇಕಾದರೆ, ರೇಡಿಯೋ ಚಿಪ್ಪಿನಿಂದ ಆಂಟೆನಾವರೆಗಿನ ತಾಮ್ರದ ಗೆರೆಯ ಇಂಪೀಡೆನ್ಸ್, ಎಂದರೆ ಸಾಗುವ ಸಂಕೇತಕ್ಕೆ ಗೆರೆ ಒಡ್ಡುವ ತಡೆ, 50 ಓಮ್ ಇರಲೇಬೇಕು.

ಆ 50 ಓಮ್ ಗೆರೆಯೊಂದರಿಂದಲೇ ಹುಟ್ಟುವುದಿಲ್ಲ. ಗೆರೆಯ ಅಗಲ, ಅದರ ದಪ್ಪ, ಕೆಳಗಣ ಗ್ರೌಂಡ್ ಪದರಕ್ಕೂ ಅದಕ್ಕೂ ಇರುವ ಅಂತರ, ನಡುವಣ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಈ ನಾಲ್ಕರ ಸಂಯೋಗದಿಂದ ಅದು ನಿರ್ಣೀತವಾಗುತ್ತದೆ. ಲೆಕ್ಕದ ಸರಳ ಸೂತ್ರ ಹೀಗಿದೆ: ಸ್ಥಿರಾಂಕಕ್ಕೆ 1.41 ಕೂಡಿಸಿ, ಅದರ ವರ್ಗಮೂಲದಿಂದ 87ನ್ನು ಭಾಗಿಸಿ, ಬಂದ ಲಬ್ಧವನ್ನು ಒಂದು ಸ್ವಾಭಾವಿಕ ಲಾಗರಿತಮ್ಮಿನಿಂದ ಗುಣಿಸಬೇಕು. ಆ ಲಾಗರಿತಮ್ಮಿನೊಳಗಿನ ಸಂಖ್ಯೆಯಾದರೋ, ಅಂತರದ 5.98 ಪಟ್ಟನ್ನು, ಅಗಲದ 0.8 ಪಾಲು ಮತ್ತು ತಾಮ್ರದ ದಪ್ಪ ಇವೆರಡರ ಮೊತ್ತದಿಂದ ಭಾಗಿಸಿದ ಫಲ. ಸ್ಥಿರಾಂಕ 4.3, ತಾಮ್ರ 35 ಮೈಕ್ರಾನ್ ಎಂದಿಟ್ಟುಕೊಂಡು, 1.6 ಮಿಲಿಮೀಟರ್ ದಪ್ಪದ ಎರಡು ಪದರದ ಬೋರ್ಡಿನಲ್ಲಿ ಅಂತರವನ್ನು 1.5 ಮಿಲಿಮೀಟರ್ ಎಂದು ಹಿಡಿದರೆ, 50 ಓಮಿಗೆ ಸುಮಾರು 2.8 ಮಿಲಿಮೀಟರ್ ಅಗಲದ ಗೆರೆ ಬೇಕಾಗುತ್ತದೆ. ಚಿಪ್ಪಿನ ಕಾಲುಗಳಿಗೆ ಹೋಲಿಸಿದರೆ ಅದು ಅತಿಸ್ಥೂಲ. ಅಲ್ಲಿ ಸ್ಥಳವಿಲ್ಲವೆಂದು 0.3 ಮಿಲಿಮೀಟರಿನ ಗೆರೆ ಎಳೆದರೆ ಇಂಪೀಡೆನ್ಸ್ ಸುಮಾರು 127 ಓಮಿಗೇರುತ್ತದೆ, ಗೆರೆಯ ಬಾಯಲ್ಲೇ ಶಕ್ತಿಯ ಐದರಲ್ಲೊಂದು ಪಾಲಿನಷ್ಟು ಹಿಂದಿರುಗುತ್ತದೆ. ಕೆರೆಗೆ ಹರಿಯುವ ಅಗಲ ಕಾಲುವೆ ಒಮ್ಮೆಲೇ ಇಕ್ಕಟ್ಟಾದರೆ ನೀರು ಅಲ್ಲಿಂದ ಹಿಮ್ಮೊಗವಾಗಿ ಅಲೆಯೇಳುವಂತೆಯೇ ಇದು. ನಾಲ್ಕು ಪದರದ ಬೋರ್ಡಿನಲ್ಲಿ ಗ್ರೌಂಡ್ 0.2 ಮಿಲಿಮೀಟರ್ ಸಮೀಪಕ್ಕೆ ಬರುವುದರಿಂದ 0.33 ಮಿಲಿಮೀಟರಿನ ಗೆರೆಯೇ 50 ಓಮನ್ನು ಕೊಡುತ್ತದೆ. ಆದಕಾರಣ ಪದರಗಳೆಷ್ಟು, ಅಂತರವೆಷ್ಟು ಎಂಬುದು ಸ್ಥಿರವಾದ ಹೊರತು ಗೆರೆಯನ್ನೆಳೆಯಲು ಕೈಹಾಕತಕ್ಕದ್ದಲ್ಲ.

ಆಂಟೆನಾ ಗೆರೆಯ ಉದ್ದ ಎರಡು ಸೆಂಟಿಮೀಟರಿಗಿಂತ ಬಹಳ ಕಡಮೆಯಾದರೆ ಈ ಕಠೋರತೆ ಸಡಿಲುವುದುಂಟು. ಏಕೆಂದರೆ ಈ ತರಂಗಪಟ್ಟಿಯಲ್ಲಿ ಬೋರ್ಡಿನ ಮೇಲಿನ ತರಂಗದ ಉದ್ದ ಸುಮಾರು 20 ಸೆಂಟಿಮೀಟರ್; ಅದರ ಹತ್ತನೆಯ ಒಂದು ಪಾಲಿಗಿಂತ ಬಹಳ ಗಿಡ್ಡವಾದ ಗೆರೆಯ ಪ್ರಭಾವ ಅಲ್ಪ. ಆದರೂ ಅದನ್ನು ನೆಪವಾಗಿ ಹಿಡಿದು ಲೆಕ್ಕವನ್ನೇ ತೊರೆಯುವುದನ್ನು ನಾನು ಒಪ್ಪಲಾರೆ.

ಒಂದು ಸಂದರ್ಭದಲ್ಲಿ ಬೋರ್ಡು ತಯಾರಿಸುವವರೊಬ್ಬರು, ಪದರಗಳನ್ನು ಬೆಸೆಯಲು ನಕ್ಷೆಯಲ್ಲಿ ನಮೂದಿಸಿದ್ದ 7628 ಎಂಬ ಪ್ರಿಪ್ರೆಗ್ ಹಾಳೆಯ ಬದಲಿಗೆ, ದಾಸ್ತಾನಿನಲ್ಲಿದ್ದ 2116ನ್ನು ನಮಗೆ ತಿಳಿಸದೆ ಬಳಸಿದರು. ಮೊದಲನೆಯದು ಒತ್ತಡದಲ್ಲಿ ಬೆಸೆದ ಮೇಲೆ ಸುಮಾರು 0.2 ಮಿಲಿಮೀಟರ್ ಉಳಿಯುತ್ತದೆ, ಎರಡನೆಯದು 0.12 ಮಾತ್ರ. ಅದೇ 0.33ರ ಗೆರೆ ಈಗ ಸುಮಾರು 38 ಓಮಿಗಿಳಿಯಿತು. ಸರಳ ಸೂತ್ರವಾದರೋ ಇಲ್ಲಿ 32 ಎನ್ನುತ್ತದೆ; ಅಗಲವು ಅಂತರದ ಎರಡು ಪಟ್ಟನ್ನು ಮೀರಿದಾಗ ಆ ಸೂತ್ರಕ್ಕೆ ಅಧಿಕಾರವಿಲ್ಲ, 1977ರ ವೀಲರ್ ಅಥವಾ 1980ರ ಹ್ಯಾಮರ್‌ಸ್ಟಾಡ್ ಮತ್ತು ಜೆನ್ಸೆನ್ ಅವರ ವಿಸ್ತೃತ ಸಮೀಕರಣಗಳನ್ನು ಆಶ್ರಯಿಸಬೇಕಾಗುತ್ತದೆ. ಸೂತ್ರಕ್ಕೆ ಎಲ್ಲೆಯುಂಟೆಂಬುದನ್ನೂ, ಅದಕ್ಕೆ ಉಣಿಸುವ ಅಂಕಿಗಳು ಕಾರ್ಖಾನೆಯ ಒತ್ತುಯಂತ್ರದಿಂದ ಹೊರಬಂದ ಬಳಿಕದ ದಪ್ಪವಾಗಿರಬೇಕೆಂಬುದನ್ನೂ ನಾನು ದೃಢವಾಗಿ ಮನಗಂಡದ್ದು ಆಗಲೇ. ಮೇಲೆ ಬಳಿಯುವ ಹಸುರು ಸೋಲ್ಡರ್ ಮಾಸ್ಕ್ ಕೂಡ ಒಂದೆರಡು ಓಮನ್ನು ಕಡಮೆ ಮಾಡುತ್ತದೆ.

ಈ ಕಸುಬಿಗೆ ಹೊಸದಾಗಿ ಕಾಲಿಡುವ ನಮ್ಮ ಸೀಮೆಯ ತರುಣ ತರುಣಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ರಚನೆಗೆ ಮುನ್ನವೇ ತಯಾರಕರಿಂದ ಅವರ ಸ್ಟ್ಯಾಕಪ್ಪಿನ ವಿವರವನ್ನು ಬರೆಸಿಕೊಳ್ಳಿರಿ, ನಕ್ಷೆಯಲ್ಲಿ ಬರಿಯ ಅಗಲವನ್ನಲ್ಲದೆ ‘50 ಓಮ್, ಶೇಕಡಾ 10ರ ಒಳಗಿನ ವ್ಯತ್ಯಾಸ’ ಎಂಬ ಗುರಿಯನ್ನೂ ಬರೆಯಿರಿ, ಬೋರ್ಡಿನ ಜೊತೆಗೆ ಪರೀಕ್ಷಾ ಕೂಪನ್ನಿನ, ಎಂದರೆ ಅಳತೆಗೆಂದೇ ಜೊತೆಯಲ್ಲಿ ತಯಾರಿಸಿದ ತುಣುಕಿನ, ಅಳತೆಯ ವರದಿಯನ್ನು ಕೇಳಿ ಪಡೆಯಿರಿ.