ಹುಳು ಜ್ವರಕ್ಕೆ ಕೂತಾಗ ಸೊಪ್ಪಿನ ಕೈ ತಡೆಯುವ ಬಗೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೂ ಸೇರಿದಂತೆ ವಿಜಯಪುರದ ಗೂಡಿನ ಮಾರುಕಟ್ಟೆಯ ಆಸುಪಾಸಿನ ಊರುಗಳಲ್ಲಿ ರೇಷ್ಮೆ ಬೆಳೆಗಾರರು ಈಗ ಸಾಮಾನ್ಯವಾಗಿ ಚಾಕಿ ಕೇಂದ್ರಗಳಿಂದ, ಅಂದರೆ ಮರಿಗಳನ್ನು ಎರಡನೆಯ ಜ್ವರದವರೆಗೆ ಸಾಕಿ ಕೊಡುವ ಕಡೆಯಿಂದ, ಹುಳು ತರುವುದರಿಂದ ಮನೆಯಲ್ಲಿ ಎದುರಾಗುವುದು ಮೂರನೆಯ ಮತ್ತು ನಾಲ್ಕನೆಯ ಜ್ವರ ಮಾತ್ರ. ಈ ಜ್ವರ ಕಾಯಿಲೆಯಲ್ಲ. ಹುಳುವಿನ ಚರ್ಮ ಒಂದು ಮಿತಿಯಾಚೆ ಹಿಗ್ಗದ ಕಾರಣ ಅದು ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಪೊರೆ ಬಿಡಲು ಮೇವು ತೊರೆದು ಕದಲದೆ ಕೂರುವ ಅವಧಿಯೇ ಜ್ವರ. ಇದನ್ನು ನಡೆಸುವುದು ದೇಹದೊಳಗಿನ ಎಕ್ಡೈಸೋನ್ ಎಂಬ ಹಾರ್ಮೋನು. ಬುಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ಜರ್ಮನ್ ವಿಜ್ಞಾನಿಗಳು 1954ರಲ್ಲಿ ಅದನ್ನು ಬೇರ್ಪಡಿಸಿದಾಗ ರೇಷ್ಮೆಹುಳುವಿನ ಸುಮಾರು 500 ಕೆ.ಜಿ. ಕೋಶಗಳಿಂದ ಸಿಕ್ಕಿದ್ದು ಕೇವಲ 25 ಮಿಲಿಗ್ರಾಂ. ಅಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಸಾಗುವ ಕೆಲಸವನ್ನು ಸಾಕುವವರ ಅವಸರ ಬೇಗ ಮುಗಿಸಲಾರದು.

1. ಗುರುತು ಹಿಡಿಯುವುದು: ಜ್ವರಕ್ಕೆ ಕೂರುವ ಹುಳುವಿನ ಮೈ ಬಿಗಿದು ಹೊಳೆಯುತ್ತದೆ, ತಲೆ ಮೈಗಿಂತ ತೀರ ಚಿಕ್ಕದಾಗಿ ಕಾಣುತ್ತದೆ, ಅದರ ಹಿಂದೆ ಹೊಸ ತಲೆಯ ಕಂದು ಬಣ್ಣದ ಮುಕ್ಕೋನ ಮಚ್ಚೆ ಮೂಡುತ್ತದೆ, ಮತ್ತು ಹುಳು ತಲೆಯೆತ್ತಿ ನಿಂತುಬಿಡುತ್ತದೆ.

2. ಮೇವು ನಿಲ್ಲಿಸುವುದು: ಈ ಗುರುತು ಅಲ್ಲಲ್ಲಿ ಕಂಡೊಡನೆ ಸೊಪ್ಪನ್ನು ತೆಳುವಾಗಿ ಹಾಕುತ್ತ ಬಂದು, ಬಹುತೇಕ ಎಲ್ಲ ಹುಳುಗಳೂ ಕೂತ ಮೇಲೆ ಪೂರ್ತಿ ನಿಲ್ಲಿಸಬೇಕು.

3. ಹಾಸಿಗೆ ಒಣಗಿಸುವುದು: ಅರಳಿದ ಸುಣ್ಣದ ಪುಡಿಯನ್ನು ಜರಡಿ ಹಿಡಿದು ತೆಳುವಾಗಿ ಉದುರಿಸಿದರೆ ತೇವ ಹೀರಿಕೊಳ್ಳುತ್ತದೆ, ಉಳಿದ ಸೊಪ್ಪು ಬಾಡಿ ಮೊದಲು ಎದ್ದ ಹುಳು ಅದಕ್ಕೆ ಬಾಯಿ ಹಾಕುವುದು ತಪ್ಪುತ್ತದೆ. ಕಿಟಕಿ ತೆರೆದಿರಬೇಕು, ಆದರೆ ಜೋರು ಗಾಳಿ ನೇರವಾಗಿ ಹುಳುವಿನ ಮೇಲೆ ಬೀಸಬಾರದು. ಚಳಿಗಾಲದಲ್ಲಿ ಬಿಸಿಗೆಂದು ಹುಳುಮನೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚುವವರಿದ್ದಾರೆ; ಅದರ ಹೊಗೆ ಹುಳುವಿಗೂ ಮನುಷ್ಯರಿಗೂ ಅಪಾಯಕಾರಿ.

4. ಮುಟ್ಟದಿರುವುದು: ಜ್ವರಕ್ಕೆ ಕೂರುವ ಮುನ್ನ ಹುಳು ಸಣ್ಣ ನೂಲು ಬಿಟ್ಟು ತನ್ನ ಹಿಂಗಾಲುಗಳನ್ನು ಹಾಸಿಗೆಗೆ ಅಂಟಿಸಿಕೊಂಡಿರುತ್ತದೆ. ಆ ಹಿಡಿತದ ಬಲದಿಂದಲೇ ಅದು ಹಳೆಯ ಚರ್ಮದಿಂದ ಮುಂದಕ್ಕೆ ಸರಿದು ಹೊರಬರುವುದರಿಂದ, ಆಗ ಹಾಸಿಗೆ ಕದಲಿಸಿದರೆ ಅಥವಾ ಕಸ ತೆಗೆಯಲು ಹೋದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಹುಳು ಸಾಯುತ್ತದೆ. ಮೂರನೆಯ ಜ್ವರಕ್ಕೆ ಸುಮಾರು ಒಂದು ದಿನ, ನಾಲ್ಕನೆಯದಕ್ಕೆ ಅದಕ್ಕಿಂತ ಐದಾರು ಗಂಟೆ ಹೆಚ್ಚು ಬೇಕು. ಚಳಿಯಲ್ಲಿ ಇನ್ನಷ್ಟು ತಡವಾಗುತ್ತದೆ.

5. ಎಲ್ಲವೂ ಏಳುವವರೆಗೆ ಕಾಯುವುದು: ಬೆಳೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಬೆಳಗ್ಗೆ ಬಾಗಿಲು ತೆರೆದಾಗ ಹತ್ತಿಪ್ಪತ್ತು ಹುಳು ಎದ್ದು ತಲೆಯಾಡಿಸುತ್ತಿರುವುದನ್ನು ಕಂಡು, ಪಾಪ ಹಸಿದಿವೆಯೆಂದು ಒಂದು ಹಿಡಿ ಸೊಪ್ಪು ಉದುರಿಸುವ ರೂಢಿ ಬಹಳ ಮನೆಗಳಲ್ಲಿದೆ. ಆ ಒಂದು ಹಿಡಿ ಸೊಪ್ಪು ತಿಂದ ಹುಳು ಮುಂದಕ್ಕೆ ಓಡುತ್ತದೆ, ಇನ್ನೂ ಕೂತಿರುವ ಹುಳು ಹಸಿ ಸೊಪ್ಪಿನಡಿಯ ತೇವದಲ್ಲಿ ಹೂತುಹೋಗುತ್ತದೆ, ಮತ್ತು ಸಪ್ಪೆ ರೋಗಕ್ಕೂ ಹಾಲುತೊಂಡೆಗೂ ದಾರಿಯಾಗುತ್ತದೆ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಲ್ಕನೆಯ ಜ್ವರದ ನಂತರದ ಏಳೆಂಟು ದಿನಗಳಲ್ಲೇ ಖರ್ಚಾಗುವುದರಿಂದ, ಇಲ್ಲಿ ಆದ ಏರುಪೇರು ಅಷ್ಟೂ ಸೊಪ್ಪಿನ ಲೆಕ್ಕವನ್ನು ಕೆಡಿಸುತ್ತದೆ. ಕೊನೆಗೆ ಕೆಲವು ಹುಳು ಹಣ್ಣಾಗಿ ನೂಲು ಚೆಲ್ಲುತ್ತಿದ್ದರೆ ಕೆಲವು ಇನ್ನೂ ಮೇಯುತ್ತಿರುತ್ತವೆ, ಹಣ್ಣುಹುಳು ಆಯುವ ಕೂಲಿಯೂ ಏರುತ್ತದೆ.

ನೂರಕ್ಕೆ 95 ಹುಳು ಎದ್ದ ಮೇಲೆಯೇ ಮೊದಲ ಮೇವು ಎಂಬುದು ನಿಯಮ. ಇದನ್ನು ಕಣ್ಣಂದಾಜಿಗೆ ಬಿಡದೆ, ಸ್ಟ್ಯಾಂಡಿನ ಅಂಚು, ನಡುಭಾಗ ಮತ್ತು ತಂಪು ಹೆಚ್ಚಿರುವ ಕೆಳಗಿನ ಅಂತಸ್ತು, ಈ ಮೂರೂ ಕಡೆ ಇಪ್ಪತ್ತಿಪ್ಪತ್ತು ಹುಳು ಎಣಿಸಿ, ಯಾವುದೇ ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚು ಕೂತಿದ್ದರೂ ಕಾಯಬೇಕು. ಎದ್ದ ಹುಳುವಿನ ತಲೆ ದೊಡ್ಡದಾಗಿಯೂ ಮೈ ಸುಕ್ಕುಸುಕ್ಕಾಗಿ ಮಾಸಲಾಗಿಯೂ ಇರುತ್ತದೆ, ಪಕ್ಕದಲ್ಲಿ ಮುದುಡಿದ ಪೊರೆ ಬಿದ್ದಿರುತ್ತದೆ. ಆಗಷ್ಟೇ ಎದ್ದ ಹುಳುವಿನ ದವಡೆ ಇನ್ನೂ ಮೆತ್ತಗಿರುವುದರಿಂದ ಕೆಲವು ಗಂಟೆಗಳ ಕಾಯುವಿಕೆಯಿಂದ ಅದಕ್ಕೆ ನಷ್ಟವಿಲ್ಲ. ಹಸಿವಿನಿಂದ ಕೆಟ್ಟ ಹುಳುವಿಗಿಂತ ಸಾಕುವವರ ಕರುಣೆಯಿಂದ ಕೆಟ್ಟ ಹುಳುವೇ ಹೆಚ್ಚು ಎಂದರೆ ತಪ್ಪಾಗದು. ಎಲ್ಲವೂ ಎದ್ದ ಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ವಿಜೇತದಂಥ ಹಾಸಿಗೆ ಸೋಂಕುನಿವಾರಕವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಎಳೆಯ ಸೊಪ್ಪು ಕೊಡಬೇಕು.

6. ಗೂಡು ಬಿಡಿಸುವುದು: ಇದೇ ತಾಳ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆಯ ಬಳಿಯೂ ಬೇಕು. ಗೂಡಿನೊಳಗೆ ಹುಳು ಕೊನೆಯ ಪೊರೆ ಬಿಟ್ಟು ಕೋಶವಾಗುವ ಮೊದಲೇ ಬಿಡಿಸಿದರೆ ಮೆತ್ತನೆಯ ಮೈ ಒಡೆದು ಗೂಡಿಗೆ ಕಲೆ ಹತ್ತುತ್ತದೆ. ಮಿಶ್ರತಳಿಗೆ ಐದನೆಯ ದಿನ, ದ್ವಿತಳಿಗೆ ಏಳನೆಯ ದಿನ ಸರಿ. ಅದಕ್ಕೂ ಮುನ್ನ ಒಂದೆರಡು ಗೂಡು ಕೊಯ್ದು ನೋಡಿ, ಒಳಗಿನ ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಮಾತ್ರ ಉಳಿದವಕ್ಕೆ ಕೈ ಹಾಕಬೇಕು.