ರೈಲ್ವೆ ಗೇಟು ಮತ್ತು ಗಾಲಿಕುರ್ಚಿ

ತರಗತಿ: 6ರಿಂದ 8
ವಿಷಯ: ಸಮಾಜ ವಿಜ್ಞಾನ, ಗಣಿತ, ಕನ್ನಡ (ಅರ್ಜಿ ಲೇಖನ)
ಅವಧಿ: 3

ಪೀಠಿಕೆ

ಕಾಸರಗೋಡಿನ ಕರಾವಳಿಯಿಂದ ಆದವಾನಿ, ಸೊಲ್ಲಾಪುರಗಳವರೆಗೆ ಗಡಿನಾಡಿನ ಅನೇಕ ಊರುಗಳನ್ನು ರೈಲುಹಳಿ ಎರಡಾಗಿ ಸೀಳಿದೆ. ಮನೆ ಒಂದು ಬದಿಗೆ, ಶಾಲೆ ಇನ್ನೊಂದು ಬದಿಗೆ ಇದ್ದಾಗ ಗಾಲಿಕುರ್ಚಿ ಬಳಸುವ ಮಗುವಿನ ವಿದ್ಯಾಭ್ಯಾಸವು ಹಳಿ ದಾಟುವ ಕೆಲವು ಮೀಟರುಗಳನ್ನು ಅವಲಂಬಿಸುತ್ತದೆ. ಈ ತೊಡಕಿನ ಕಾರಣವನ್ನೂ ಪರಿಹಾರವನ್ನೂ ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಮಾಡುವುದು ಈ ಪಾಠದ ಉದ್ದೇಶ.

ಶಿಕ್ಷಕರಿಗೆ ಮಾಹಿತಿ

ರೈಲುಗಾಲಿಯ ಒಳಬದಿಯಲ್ಲಿ ಉಬ್ಬಿದ ಅಂಚು ಇರುತ್ತದೆ. ಅದು ಹಾದುಹೋಗಲು ಗೇಟಿನ ಬಳಿ ಹಳಿಯ ಪಕ್ಕದಲ್ಲಿ ಸುಮಾರು 5ರಿಂದ 6 ಸೆಂ.ಮೀ. ಸೀಳು ಬಿಡುವುದು ಅನಿವಾರ್ಯ. ಗಾಲಿಕುರ್ಚಿಯ ಮುಂಗಾಲಿಗಳು ಸಾಮಾನ್ಯವಾಗಿ ಇದಕ್ಕಿಂತ ಕಿರಿದು. ಅವು ಸುತ್ತಲೂ ತಿರುಗುವಂಥವು. ಓರೆಯಾಗಿ ದಾಟಿದರೆ ಗಾಲಿ ಸೀಳಿನ ದಿಕ್ಕಿಗೆ ಹೊರಳಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗೇಟು ತೆರೆದೊಡನೆ ಎರಡೂ ಕಡೆಯ ವಾಹನಗಳು ನುಗ್ಗುವುದರಿಂದ ಕುರ್ಚಿಯು ರಸ್ತೆಯಂಚಿನ ಜಲ್ಲಿಕಲ್ಲಿನತ್ತ ಸರಿಯಬೇಕಾಗುತ್ತದೆ.

ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. ಅನೇಕ ಕಡೆ ಕೆಳಸೇತುವೆಗಳು ಬಂದವು. ಅಪಾಯ ತಗ್ಗಿತು, ಆದರೆ ಕಡಿದಾದ ಇಳಿಜಾರು ಮತ್ತು ಮಳೆಗಾಲದಲ್ಲಿ ನಿಲ್ಲುವ ನೀರು ಹೊಸ ತಡೆಗಳಾಗಬಲ್ಲವು. ಮೆಟ್ಟಿಲು ಮಾತ್ರವಿರುವ ಮೇಲ್ಸೇತುವೆಯಂತೂ ಈ ಮಗುವಿಗೆ ಇದ್ದೂ ಇಲ್ಲದಂತೆ.

ಚಟುವಟಿಕೆ 1: ಶಾಲಾ ಅಂಗಳದಲ್ಲಿ

1676 ಮಿ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿಸಿರಿ. ಎರಡು ಹಲಗೆಗಳ ನಡುವೆ 6 ಸೆಂ.ಮೀ. ಸೀಳು ಬಿಟ್ಟು, ಸಣ್ಣ ಗಾಲಿಯ ಆಟಿಕೆಯನ್ನು ಮೊದಲು ಓರೆಯಾಗಿಯೂ ಅನಂತರ ನೇರವಾಗಿಯೂ ಉರುಳಿಸಿ ವ್ಯತ್ಯಾಸವನ್ನು ಬರೆಯಿಸಿರಿ. ಮಕ್ಕಳನ್ನು ನಿಜವಾದ ಹಳಿಯ ಬಳಿಗೆ ಕರೆದೊಯ್ಯಬಾರದು. ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಮಗುವಿದ್ದರೆ ಅದನ್ನು ಪ್ರದರ್ಶನದ ವಸ್ತುವಾಗಿಸದೆ, ಒಪ್ಪಿಗೆಯಿದ್ದರೆ ಮಾತ್ರ ಅನುಭವ ಹೇಳುವ ಅವಕಾಶ ಕೊಡಿರಿ.

ಚಟುವಟಿಕೆ 2: ಲೆಕ್ಕ

1. ಗೇಟಿನಿಂದ ಗೇಟಿಗೆ 15 ಮೀ. ಕುರ್ಚಿಯ ವೇಗ ಸೆಕೆಂಡಿಗೆ 0.5 ಮೀ. ದಾಟಲು ಎಷ್ಟು ಹೊತ್ತು? (30 ಸೆಕೆಂಡು)
2. ಆ ಹೊತ್ತಿನಲ್ಲಿ ಗಂಟೆಗೆ 100 ಕಿ.ಮೀ. ವೇಗದ ರೈಲು ಎಷ್ಟು ದೂರ ಸಾಗುತ್ತದೆ? (ಸುಮಾರು 833 ಮೀ.)
3. 1:12 ಇಳಿಜಾರಿನಲ್ಲಿ 3 ಮೀ. ಇಳಿಯಲು ಎಷ್ಟು ಉದ್ದ ಬೇಕು? (36 ಮೀ.)

ಮನನ ಮಾಡಿಸಬೇಕಾದ ನಿಯಮಗಳು

• ಗಂಟೆ ಮೊಳಗಿದರೆ ಅಥವಾ ಗೇಟು ಇಳಿಯತೊಡಗಿದರೆ ದಾಟಲು ತೊಡಗಬಾರದು.
• ಹಳಿಗೆ ಲಂಬವಾಗಿ, ನೇರವಾಗಿ ದಾಟಬೇಕು.
• ಜತೆಗಾರರು ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ, ದೊಡ್ಡ ಗಾಲಿಗಳು ಮೊದಲು ದಾಟುವಂತೆ ಎಳೆಯಬಹುದು.
• ಗಾಲಿ ಸಿಕ್ಕಿಕೊಂಡರೆ ಕೂಡಲೇ ಗೇಟ್‌ಮನ್‌ನನ್ನು ಕೂಗಬೇಕು. ಹಿರಿಯರು ವ್ಯಕ್ತಿಯನ್ನು ಮೊದಲು ಹೊರತರಬೇಕು. ಕುರ್ಚಿಯ ಯೋಚನೆ ಆಮೇಲೆ.

ಚಟುವಟಿಕೆ 3: ಅರ್ಜಿ ಲೇಖನ

ಎಚ್ಚರಿಕೆಯ ಹೊಣೆಯನ್ನೆಲ್ಲ ಮಗುವಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ, ದಾರಿಯೂ ಸುಗಮವಾಗಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 41ನೆಯ ಕಲಮು ಸಾರಿಗೆ ಮತ್ತು ರಸ್ತೆಗಳ ಸುಗಮತೆಯನ್ನು ಸರ್ಕಾರದ ಕರ್ತವ್ಯವೆಂದು ಹೇಳುತ್ತದೆ. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವ ವ್ಯಕ್ತಿಯೂ ತನ್ನ ಕುಂದುಕೊರತೆಯನ್ನು ಕೇಂದ್ರದ ಅಧಿಕಾರಿಗೆ ಕೇಂದ್ರದಲ್ಲಿ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಆದುದರಿಂದ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಕನ್ನಡದಲ್ಲಿಯೇ ಅರ್ಜಿ ಬರೆಯಿಸಿರಿ. ಗೇಟಿನ ಸಂಖ್ಯೆ, ಸ್ಥಳ, ತೊಂದರೆ, ಕೋರಿಕೆ ಈ ಕ್ರಮವಿರಲಿ. ಹಳಿಯ ಮಟ್ಟಕ್ಕೆ ಸಮನಾದ ರಬ್ಬರ್ ಅಥವಾ ಕಾಂಕ್ರೀಟ್ ಹಾಸು, ಪಾದಚಾರಿಗಳಿಗೆ ಪ್ರತ್ಯೇಕ ಪಟ್ಟಿ, ಕೆಳಸೇತುವೆಯ ನೀರು ಹರಿಯುವ ವ್ಯವಸ್ಥೆ ಮುಂತಾದವು ಕೋರಿಕೆಗಳಾಗಬಹುದು.

ಮೌಲ್ಯಮಾಪನ

1. ಹಳಿಯ ಪಕ್ಕದ ಸೀಳನ್ನು ಪೂರ್ತಿ ಮುಚ್ಚಲಾಗದು, ಏಕೆ?
2. ಓರೆಯಾಗಿ ದಾಟುವುದು ಅಪಾಯಕರವೇಕೆ?
3. ನಿಮ್ಮ ಊರಿನಲ್ಲಿ ಗಾಲಿಕುರ್ಚಿಗೆ ತಡೆಯಾಗಿರುವ ಮೂರು ಸ್ಥಳಗಳನ್ನು ಗುರುತಿಸಿ, ಒಂದೊಂದಕ್ಕೂ ಪರಿಹಾರ ಸೂಚಿಸಿರಿ.