ಅಂಗಾಲಿನ ಕಪ್ಪು ಮಚ್ಚೆ

ಮಚ್ಚೆಯಿಲ್ಲದ ಮೈ ಇಲ್ಲ. ಮಚ್ಚೆ ನೋಡಿ ಅದೃಷ್ಟ ಹೇಳುವವರೂ ನಮ್ಮಲ್ಲುಂಟು. ಬಹುಪಾಲು ಮಚ್ಚೆಗಳಿಂದ ಯಾವ ಅಪಾಯವೂ ಇಲ್ಲ. ಆದರೆ ದೊಡ್ಡವರಾದ ಮೇಲೆ ಅಂಗಾಲಿನಲ್ಲಿಯೋ ಉಗುರಿನ ಅಡಿಯಲ್ಲಿಯೋ ಹೊಸದಾಗಿ ಮೂಡಿ, ಬೆಳೆಯುತ್ತ ಹೋಗುವ ಕಪ್ಪು ಕಲೆಯ ಮಾತು ಬೇರೆ. ಅದು ಮೆಲನೋಮ ಎಂಬ ಕ್ಯಾನ್ಸರ್ ಆಗಿರಬಹುದು.

ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ಮಾಡುವ ದ್ರವ್ಯಕ್ಕೆ ಮೆಲನಿನ್ ಎಂದು ಹೆಸರು. ಬಿಳಿಯರಲ್ಲಿಯೂ ನಮ್ಮಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚು ಕಡಮೆ ಒಂದೇ. ನಮ್ಮವು ಬಣ್ಣವನ್ನು ಹೆಚ್ಚಾಗಿ ಮಾಡುತ್ತವೆ, ಅಷ್ಟೆ. ಈ ಬಣ್ಣ ಬಿಸಿಲಿಗೆ ಹಿಡಿದ ಕೊಡೆಯಂತೆ. ಆದುದರಿಂದಲೇ ಈ ರೋಗ ಆಸ್ಟ್ರೇಲಿಯದ ಬಿಳಿಯರಲ್ಲಿ ಬಹಳ, ನಮ್ಮಲ್ಲಿ ವಿರಳ. ಆದರೆ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಹುಟ್ಟುವ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ. ಕಪ್ಪು ಮೈಬಣ್ಣ ಅದನ್ನು ತಡೆಯಲಾರದು.

ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಈ ರೋಗವಿರುವುದು ತಿಳಿಯಿತು. ಮೊದಲು ಅದನ್ನು ಕಾಲ್ಚೆಂಡಾಟದ ಪೆಟ್ಟೆಂದೇ ತಿಳಿದಿದ್ದರು. ರೋಗ ಮೈಯೊಳಗೆ ಹರಡಿ 1981ರಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 36 ವರ್ಷ.

ನಮ್ಮ ಓದುಗರಲ್ಲಿ ಕಟ್ಟಡದ ಕೆಲಸದವರೂ ಇದ್ದಾರೆ, ದಿನವಿಡೀ ಬೂಟು ಹಾಕಿ ಕೂರುವ ಗುಮಾಸ್ತರೂ ಇದ್ದಾರೆ. ಇಬ್ಬರೂ ಅಂಗಾಲನ್ನು ನೋಡಿಕೊಳ್ಳುವುದು ಮುಳ್ಳು ಚುಚ್ಚಿದಾಗ ಮಾತ್ರ! ಗಮನಿಸಬೇಕಾದ ಗುರುತುಗಳು ಇವು:

1. ಕಲೆಯ ಒಂದು ಅರ್ಧ ಇನ್ನೊಂದರಂತಿಲ್ಲದಿರುವುದು, ಅಂಚು ವಕ್ರವಾಗಿರುವುದು.
2. ಒಂದೇ ಕಲೆಯಲ್ಲಿ ಕಪ್ಪು, ಕಂದು, ಕೆಂಪು ಬಣ್ಣಗಳು ಬೆರೆತಿರುವುದು.
3. ಕಲೆ ಬೆಳೆಯುತ್ತಿರುವುದು, ರಕ್ತ ಒಸರುವುದು, ಹುಣ್ಣಾಗಿ ಮಾಯದಿರುವುದು.
4. ಒಂದೇ ಉಗುರಿನಲ್ಲಿ ಕಪ್ಪು ಪಟ್ಟೆ ಅಗಲವಾಗುತ್ತ, ಬಣ್ಣ ಉಗುರಿನ ಸುತ್ತಣ ಚರ್ಮಕ್ಕೂ ಇಳಿಯುವುದು.

ಪೆಟ್ಟುಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿದುಹೋಗುತ್ತದೆ. ರೋಗದ ಕಲೆ ಹಾಗೆ ಸರಿದು ಹೋಗುವುದಿಲ್ಲ. ಕೆಲವೊಮ್ಮೆ ಈ ಗಡ್ಡೆ ಕಪ್ಪಾಗಿರದೆ ನಸುಗೆಂಪಾಗಿಯೂ ಇರುವುದುಂಟು.

ಇಂಥ ಕಲೆಯನ್ನು ಆಣಿಯೆಂದು ಬ್ಲೇಡಿನಿಂದ ಕೆತ್ತುವುದು, ಆಸಿಡ್ ಹಚ್ಚಿ ಸುಡುವುದು ಸಲ್ಲದು. ಇದರಿಂದ ರೋಗ ಹೋಗುವುದಿಲ್ಲ, ಅದರ ಗುರುತು ಮಾತ್ರ ಅಳಿಯುತ್ತದೆ. ವೈದ್ಯರು ಚೂರು ತೆಗೆದು ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ಭಯವೂ ಬೇಡ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ.

ಗಡ್ಡೆಯ ಅಗಲಕ್ಕಿಂತ ಆಳವೇ ಮುಖ್ಯವೆಂಬುದನ್ನು 1970ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿದರು. ಒಂದು ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಬಿಟ್ಟರೆ ಅದು ತೊಡೆಸಂದಿನ ಗ್ರಂಥಿಗಳಿಗೂ, ಅಲ್ಲಿಂದ ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೂ ಹರಡಬಲ್ಲದು. ಹರಡಿದ ರೋಗಕ್ಕೂ ಈಗ ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಔಷಧಗಳು ಬಂದಿವೆ. ಆದರೆ ಅವು ದುಬಾರಿ, ಎಲ್ಲರಿಗೂ ಫಲಿಸುವುದೂ ಇಲ್ಲ.

ಊರಿಗೆ ಹೋದಾಗ ತೋರಿಸೋಣವೆಂದು ಹಬ್ಬದವರೆಗೆ ಕಾಯುವುದು ನಮ್ಮವರ ವಾಡಿಕೆ. ಇದರಲ್ಲಿ ಹಾಗೆ ಮಾಡಬಾರದು. ಹತ್ತಿರದ ಚರ್ಮವೈದ್ಯರಿಗೆ ತೋರಿಸಿರಿ. ಕ್ಯಾನ್ಸರ್ ಎಂದು ಸಂದೇಹ ಬಂದರೆ ಇದೇ ಹೈದರಾಬಾದಿನ ರೆಡ್ ಹಿಲ್ಸಿನಲ್ಲಿ, 1955ರಲ್ಲಿ ಆರಂಭವಾದ ಮೆಹದಿ ನವಾಜ್ ಜಂಗ್ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ. ಎಂ.ಎನ್.ಜೆ. ಎಂದರೆ ಆಟೋದವರಿಗೂ ಗೊತ್ತು.

ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಬೆಳಕಿನಲ್ಲಿ ಕುಳಿತು ಅಂಗಾಲು, ಬೆರಳಸಂದು, ಉಗುರುಗಳನ್ನು ನೋಡಿಕೊಳ್ಳಿರಿ. ಕಾಲು ಮಡಿಸಲಾಗದ ಹಿರಿಯರ ಅಂಗಾಲನ್ನು ಮನೆಯವರು ನೋಡಲಿ.